ಕೊನೆಯ ತೂಬಿನ ತನಕ

ಗೌರಿ ಹಬ್ಬಕ್ಕೆಂದು ತವರಿಗೆ ಹೋಗಿದ್ದಾಗ ಅಣ್ಣನ ಮಗ ನಲವತ್ತು ಪುಟಗಳ ಒಂದು ಬರಹವನ್ನು ನನ್ನ ಕೈಗೆ ಕೊಟ್ಟು, ‘ಅತ್ತೆ, ನೀವು ಮೂವತ್ತು ವರ್ಷ ರಾಜ್ಯಶಾಸ್ತ್ರ ಪಾಠ ಮಾಡಿದವರು. ಇದು ಆಗುವ ಮಾತೋ ಅಲ್ಲವೋ, ಓದಿ ಹೇಳಿ’ ಎಂದ. ಅವನು ಬೆಂಗಳೂರಿನಲ್ಲಿ ಸರ್ಕಾರದ ನೀತಿಗಳನ್ನು ಅಧ್ಯಯನ ಮಾಡುವ ಒಂದು ಸಂಸ್ಥೆಯಲ್ಲಿದ್ದಾನೆ. ನಮ್ಮ ಊರು ಮಳವಳ್ಳಿ ತಾಲ್ಲೂಕಿನಲ್ಲಿ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದಲ್ಲಿದೆ. ಮಂಡ್ಯದವರಿಗೆ ‘ಕೊನೆ ಭಾಗ’ ಎಂಬ ಎರಡು ಪದಗಳನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಹೇಳುವುದಾದರೆ, ನಾಲೆಗೆ ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದು ಎಷ್ಟೋ ದಿನಗಳಾದ ಮೇಲೂ ನೀರಿನ ಮುಖ ಕಾಣದ ಊರುಗಳು ಅವು.

ಹುಡುಗನ ಯೋಜನೆ ದೊಡ್ಡದು. ಹತ್ತು ವರ್ಷಗಳಲ್ಲಿ ಕಾವೇರಿ ಅಚ್ಚುಕಟ್ಟಿನ ಭತ್ತ ಮತ್ತು ಕಬ್ಬಿನ ನೆಲದಲ್ಲಿ ಅರ್ಧದಷ್ಟನ್ನು ರಾಗಿ, ಬೇಳೆಕಾಳು ಮತ್ತು ಎಣ್ಣೆಕಾಳುಗಳಿಗೆ ತಿರುಗಿಸಬೇಕು. ಹಾಗೆ ಬೆಳೆ ಬದಲಿಸಿದ ರೈತರಿಗೆ ಎಕರೆಗೆ ಇಂತಿಷ್ಟು ಎಂದು ನೇರವಾಗಿ ಖಾತೆಗೆ ಹಣ ಹಾಕಬೇಕು. ಈಗ ಎಕರೆ ಮತ್ತು ಬೆಳೆಯ ಲೆಕ್ಕದಲ್ಲಿ ವಸೂಲಾಗುವ ನೀರಿನ ಕಂದಾಯವನ್ನು ಅಳೆದು ಕೊಟ್ಟ ನೀರಿನ ಲೆಕ್ಕಕ್ಕೆ ತರಬೇಕು. ಹೀಗೆ ಉಳಿದ ನೀರನ್ನು ಕೊನೆ ಭಾಗದ ಹಳ್ಳಿಗಳಿಗೂ ಪಟ್ಟಣಗಳ ಕುಡಿಯುವ ನೀರಿಗೂ ಕೊಡಬೇಕು. ಲೆಕ್ಕಗಳು ಚೊಕ್ಕವಾಗಿದ್ದವು, ಬರವಣಿಗೆಯಲ್ಲಿ ಕಾಳಜಿಯಿತ್ತು. ಆದರೂ ಮೂರನೆಯ ಪುಟವನ್ನು ಮುಗಿಸುವ ಮೊದಲೇ ನನ್ನ ಕೈ ಪೆನ್ಸಿಲ್ ಎತ್ತಿಕೊಂಡು ಅಂಚಿನಲ್ಲಿ ‘ಆಗದ ಮಾತು’ ಎಂದು ಬರೆದುಬಿಟ್ಟಿತು.

ಬರೆದ ಮೇಲೆ ಮುಂದೆ ಓದಲಾಗಲಿಲ್ಲ. ಆಗದು ಎಂದು ನನಗೆ ಹೇಗೆ ಗೊತ್ತಾಯಿತು? ತರಗತಿಯಲ್ಲಿ ಯಾವ ವಿದ್ಯಾರ್ಥಿಯಾದರೂ ಕಾರಣ ಕೊಡದೆ ಹೀಗೆ ಬರೆದಿದ್ದರೆ ನಾನು ಒಪ್ಪುತ್ತಿರಲಿಲ್ಲ. ಮೈಸೂರಿನ ಮನೆಗೆ ಮರಳಿದ ಮೇಲೆ ಎರಡು ತಿಂಗಳು ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಇಲ್ಲಿ ಬರೆಯುತ್ತಿರುವುದು ಆ ಎರಡು ತಿಂಗಳ ಯೋಚನೆ.

‘ಆಗಲ್ಲ ಬಿಡಿ’ ಎನ್ನುವುದು ನಮ್ಮ ಸೀಮೆಯಲ್ಲಿ ಬುದ್ಧಿವಂತಿಕೆಯ ಗುರುತು. ಕಟ್ಟೆಯ ಮೇಲೆ ಕುಳಿತು ಯಾವ ಹೊಸ ಯೋಜನೆಯ ಸುದ್ದಿ ಬಂದರೂ ಹೀಗೆ ಹೇಳಿದವನನ್ನು ಅನುಭವಸ್ಥ ಎನ್ನುತ್ತಾರೆ, ‘ಆಗಬಹುದು’ ಎಂದವನನ್ನು ಲೋಕ ಕಾಣದವನು ಎನ್ನುತ್ತಾರೆ. ಹತ್ತರಲ್ಲಿ ಏಳೆಂಟು ಯೋಜನೆಗಳು ಹೇಗೂ ಹಳ್ಳ ಹಿಡಿಯುವುದರಿಂದ ಎಲ್ಲಕ್ಕೂ ಆಗದು ಎಂದವನ ಮಾತು ಹೆಚ್ಚು ಸಲ ನಿಜವಾಗುತ್ತದೆ. ಆದರೆ ಅವನು ಯಾವ ಯೋಜನೆಯನ್ನೂ ಪರೀಕ್ಷಿಸಿರುವುದಿಲ್ಲ. ಒಳ್ಳೆಯ ಉದ್ದೇಶವಿದ್ದರೆ ಸಾಕು, ಎಲ್ಲವೂ ಆಗುತ್ತದೆ ಎನ್ನುವವನೂ ಪರೀಕ್ಷಿಸಿರುವುದಿಲ್ಲ. ಇಬ್ಬರೂ ತಮ್ಮ ಸ್ವಭಾವವನ್ನು ಹೇಳುತ್ತಾರೆಯೇ ಹೊರತು ಯೋಜನೆಯ ಬಗ್ಗೆ ಏನನ್ನೂ ಹೇಳುವುದಿಲ್ಲ.

ಕನ್ನಂಬಾಡಿ ಕಟ್ಟೆಯ, ಅಂದರೆ ಕೃಷ್ಣರಾಜಸಾಗರದ, ನೀರು ಕುಡಿದು ಬೆಳೆದವರಿಗಂತೂ ‘ಆಗದು’ ಎನ್ನುವ ಹಕ್ಕು ಸುಲಭವಾಗಿ ಬರಬಾರದು. 1911ರಲ್ಲಿ ಆ ಅಣೆಕಟ್ಟಿನ ಕೆಲಸ ಆರಂಭವಾದಾಗ ಮೊದಲ ಹಂತದ ಅಂದಾಜು 81 ಲಕ್ಷ ರೂಪಾಯಿ. ಮೈಸೂರಿನಂಥ ಸಂಸ್ಥಾನಕ್ಕೆ ಅದು ಎದೆ ನಡುಗಿಸುವ ಮೊತ್ತವಾಗಿತ್ತು. ಹಣಕಾಸಿನ ಹೊಣೆ ಹೊತ್ತವರು ವಿರೋಧಿಸಿದ್ದರು. ಕೆಳಹರಿವಿನ ಮದ್ರಾಸು ಸರ್ಕಾರವೂ ಒಪ್ಪಿರಲಿಲ್ಲ. ಕೊನೆಗೆ ಅದು ಸಮ್ಮತಿಸಿದ್ದು 80 ಅಡಿಯ ಕಟ್ಟೆಗೆ ಮಾತ್ರ. ಮುಖ್ಯ ಎಂಜಿನಿಯರ್ ಆಗಿದ್ದ ವಿಶ್ವೇಶ್ವರಯ್ಯನವರ ಮನಸ್ಸಿನಲ್ಲಿದ್ದದ್ದು 124 ಅಡಿ. ಅವರು 80 ಅಡಿಗೆ ಕೆಲಸ ಆರಂಭಿಸಿದರು, ಆದರೆ ಅಡಿಪಾಯವನ್ನು 124 ಅಡಿಗೆ ತಕ್ಕಷ್ಟು ಅಗಲವಾಗಿ ಹಾಕಿಸಿದರು. ಮೈಸೂರು ಮತ್ತು ಮದ್ರಾಸಿನ ನಡುವೆ 1924ರ ಒಪ್ಪಂದವಾಗಿ ಪೂರ್ಣ ಎತ್ತರಕ್ಕೆ ಅನುಮತಿ ಸಿಗುವ ಹೊತ್ತಿಗೆ ಅವರು ದಿವಾನಗಿರಿಯನ್ನು ಬಿಟ್ಟು ಐದು ವರ್ಷಗಳ ಮೇಲಾಗಿತ್ತು. ಕಟ್ಟೆ ಮುಗಿದದ್ದು 1930ರ ದಶಕದ ಆರಂಭದಲ್ಲಿ.

ಈ ಕಥೆಯನ್ನು ನಾವು ಛಲದ ಕಥೆಯಾಗಿ ಹೇಳುತ್ತೇವೆ. ಶಾಲೆಯಲ್ಲಿ ನಾನೂ ಹಾಗೆಯೇ ಕಲಿತೆ. ಈಗ ಮತ್ತೆ ನೋಡಿದಾಗ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಹಣದ ಲೆಕ್ಕ. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ಹುಟ್ಟಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಗೆಯಲ್ಲಿ ಕಾವೇರಿ ಸೊರಗಿದರೆ ವಿದ್ಯುತ್ತೂ ಸೊರಗುತ್ತಿತ್ತು. ಮೇಲೆ ನೀರನ್ನು ಹಿಡಿದಿಟ್ಟು ವರ್ಷವಿಡೀ ಒಂದೇ ಸಮನೆ ಬಿಟ್ಟರೆ ಗಣಿಗಳಿಗೆ ಹೆಚ್ಚು ವಿದ್ಯುತ್ ಮಾರಬಹುದಿತ್ತು, ಗಣಿಗಳು ಹಣ ಕೊಡಬಲ್ಲ ಗಿರಾಕಿಗಳಾಗಿದ್ದವು. ಮಂಡ್ಯದ ಹೊಲಕ್ಕೆ ಒಂದು ಹನಿ ಹರಿಯುವ ಮೊದಲೇ ಕಟ್ಟೆ ದುಡಿಯತೊಡಗುವಂಥ ಏರ್ಪಾಡು ಅದು. ಮುಂದಿನ ಹಂತ ಎಂದಾದರೂ ನಿಂತುಹೋಗಿದ್ದರೂ ಹಿಂದಿನ ಹಂತ ವ್ಯರ್ಥವಾಗುತ್ತಿರಲಿಲ್ಲ. ಗುರಿ ಎಷ್ಟು ದೊಡ್ಡದು ಎಂದು ಕೇಳುವುದಕ್ಕಿಂತ, ಅರ್ಧ ದಾರಿಯಲ್ಲಿ ನಿಂತರೆ ಕೈಯಲ್ಲಿ ಏನು ಉಳಿಯುತ್ತದೆ ಎಂದು ಕೇಳಬೇಕೆಂಬುದನ್ನು ನಾನು ಇಲ್ಲಿಂದ ಎತ್ತಿಕೊಂಡೆ. ಹುಡುಗನ ಯೋಜನೆಯಲ್ಲಿ ಆರನೆಯ ವರ್ಷಕ್ಕೆ ಹಣ ನಿಂತರೆ ಬೆಳೆ ಬದಲಿಸಿದ ರೈತನ ಕೈಯಲ್ಲಿ ಉಳಿಯುವುದು ಮಾರುಕಟ್ಟೆ ಇಲ್ಲದ ಹೆಸರುಕಾಳು.

ಇದೇ ಕಟ್ಟೆಗಾಗಿ ಊರುಗಳು ಮುಳುಗಿದವೆಂಬುದನ್ನೂ ಹೇಳದೆ ಮುಂದೆ ಹೋಗಲಾರೆ. ಕಟ್ಟೆಗೆ ಹೆಸರು ಕೊಟ್ಟ ಕನ್ನಂಬಾಡಿಯೇ ನೀರಿನಡಿ ಸೇರಿತು. ‘ಆಗುತ್ತದೆ’ ಎಂದು ತೀರ್ಮಾನಿಸುವವರ ಪಟ್ಟಿಯಲ್ಲಿ ಮುಳುಗುವವರ ಹೆಸರು ಸಾಮಾನ್ಯವಾಗಿ ಇರುವುದಿಲ್ಲ.

ಎರಡನೆಯ ಪಾಠ ಉಳುವವನೇ ಹೊಲದೊಡೆಯ ಎಂಬ ಮಾತಿನದು. 1951ರಲ್ಲಿ ಸಾಗರದ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಮಾಡಿದ ಹತ್ತು ವರ್ಷಗಳ ಮೇಲೆ, 1961ರಲ್ಲಿ, ನಮ್ಮ ರಾಜ್ಯ ಭೂಸುಧಾರಣಾ ಕಾನೂನನ್ನು ಮಾಡಿತು. ಅದು ಜಾರಿಗೆ ಬಂದದ್ದು 1965ರಲ್ಲಿ. ಅದು ಮಧ್ಯಮ ಮಾರ್ಗದ ಕಾನೂನು. ಒಡೆಯನಿಗೆ ಸ್ವಂತ ಸಾಗುವಳಿಗೆಂದು ಜಮೀನನ್ನು ಮರಳಿ ಪಡೆಯುವ ಅವಕಾಶವಿತ್ತು, ವಿವಾದಗಳಿಗೆ ನ್ಯಾಯಾಲಯದ ದಾರಿಯಿತ್ತು. ಆಗಿನ ಕಾಲದ ಯಾವ ವಿವೇಕಿಯನ್ನು ಕೇಳಿದ್ದರೂ ‘ಇದು ವಾಸ್ತವಕ್ಕೆ ಹತ್ತಿರವಾದ ಕಾನೂನು’ ಎನ್ನುತ್ತಿದ್ದರು. ಆದರೆ ಗೇಣಿದಾರರಿಗೆ ಅದರಿಂದ ಸಿಕ್ಕಿದ್ದು ಅಲ್ಪ. ಗೇಣಿಗೆ ಕಾಗದಪತ್ರವೇ ಇಲ್ಲದ ಬಡವನೊಬ್ಬ, ತನ್ನ ಅನ್ನದಾತನೆದುರು, ವಕೀಲರನ್ನಿಟ್ಟುಕೊಂಡು ತಾನು ಉಳುತ್ತಿರುವುದನ್ನು ಸಾಬೀತು ಮಾಡಬೇಕಾಗಿತ್ತು.

ಹುಣಸೂರಿನ ಕಲ್ಲಹಳ್ಳಿಯ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ ಬಂದ 1974ರ ತಿದ್ದುಪಡಿ ನೋಡಲು ಇದಕ್ಕಿಂತ ಎಷ್ಟೋ ಪಾಲು ಉಗ್ರವಾಗಿತ್ತು. ಆ ವರ್ಷದ ಮಾರ್ಚ್ 1ಕ್ಕೆ ಗೇಣಿಯಲ್ಲಿದ್ದ ಭೂಮಿಯೆಲ್ಲ ಸರ್ಕಾರಕ್ಕೆ ಸೇರಿತೆಂದು ಅದು ಘೋಷಿಸಿತು. ಗೇಣಿದಾರ ಮಾಡಬೇಕಾದದ್ದು ನಮೂನೆ 7ನ್ನು ತುಂಬಿ ಕೊಡುವುದು. ತೀರ್ಮಾನಕ್ಕೆ ತಾಲ್ಲೂಕುಗಳಲ್ಲಿ ಭೂ ನ್ಯಾಯಮಂಡಳಿಗಳು ಬಂದವು, ಅವುಗಳ ಎದುರು ವಕೀಲರು ವಾದಿಸುವಂತಿರಲಿಲ್ಲ. ಅರ್ಜಿಗಳು ಲಕ್ಷಗಟ್ಟಲೆ ಬಂದವು. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಒಂದು ತಲೆಮಾರಿನ ಬದುಕೇ ಬದಲಾಯಿತು.

ಎರಡೂ ಕಾನೂನುಗಳ ಗುರಿ ಹೆಚ್ಚು ಕಡಿಮೆ ಒಂದೇ. ಸೌಮ್ಯವಾಗಿದ್ದದ್ದು ಸೋತಿತು, ಉಗ್ರವಾಗಿದ್ದದ್ದು ನಡೆಯಿತು. ಸುಧಾರಣೆಯನ್ನು ಅಳೆಯುವಾಗ ನಾವು ಮಾಡುವ ದೊಡ್ಡ ತಪ್ಪೊಂದು ಇಲ್ಲಿ ನನಗೆ ಸ್ಪಷ್ಟವಾಗಿ ಕಂಡಿತು: ಸಣ್ಣದು, ಮೆತ್ತನೆಯದು, ಯಾರ ಮನಸ್ಸನ್ನೂ ನೋಯಿಸದ್ದು ಸಾಧ್ಯ, ದೊಡ್ಡದು ಅಸಾಧ್ಯ ಎಂದು ನಾವು ಎಣಿಸುತ್ತೇವೆ. 1961ರ ಕಾನೂನು ಒಡೆಯನನ್ನು ನೋಯಿಸಬಾರದೆಂದು ಹೊರಟು, ಎಲ್ಲ ಭಾರವನ್ನೂ ಆ ಭಾರವನ್ನು ಹೊರಲಾರದವನ ತಲೆಯ ಮೇಲೆ ಇಟ್ಟಿತ್ತು. 1974ರದ್ದು ಅದೇ ಭಾರವನ್ನು ಅವನ ತಲೆಯಿಂದ ಇಳಿಸಿತು. ಹಾಗೆಂದು ಅದು ಎಲ್ಲರಿಗೂ ನೆಲ ಕೊಡಲಿಲ್ಲ. ಗೇಣಿದಾರರು ಕಡಿಮೆಯಿದ್ದು, ಸ್ವಂತ ಹಿಡುವಳಿಯವರೂ ಕೂಲಿಗಳೂ ಹೆಚ್ಚಿದ್ದ ನಮ್ಮ ಮಂಡ್ಯ, ಮೈಸೂರಿನ ಬಯಲಿನಲ್ಲಿ ಕೂಲಿಯವನು ಕೂಲಿಯವನಾಗಿಯೇ ಉಳಿದ. ನಮ್ಮ ಮನೆಯಲ್ಲಿ ಕಳೆ ಕೀಳಲು ಬರುತ್ತಿದ್ದ ಹೆಂಗಸರ ಮನೆಗಳಿಗೆ ನಮೂನೆ 7ರಿಂದ ಏನೂ ಬರಲಿಲ್ಲ. ಕಾನೂನು ಯಾರನ್ನು ಗೇಣಿದಾರ ಎಂದು ಕರೆಯಿತೋ ಅವರಿಗಷ್ಟೇ ಅದು ನ್ಯಾಯ ಕೊಟ್ಟಿತು.

ಮಂಡ್ಯ ಜಿಲ್ಲೆಯ ಒಳಗೇ ನಡೆದ ಇನ್ನೊಂದು ಸಂಗತಿಯಿದೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಜಮೀನಿನ ಹಕ್ಕುದಾಖಲೆಯಾದ ಪಹಣಿಯನ್ನು ಕಂಪ್ಯೂಟರಿಗೆ ಏರಿಸಿದ ‘ಭೂಮಿ’ ಯೋಜನೆಯನ್ನು ಮೊದಮೊದಲು ಪ್ರಯೋಗಿಸಿದ್ದು ಮದ್ದೂರು ತಾಲ್ಲೂಕಿನಲ್ಲಿ. ಅದಕ್ಕೂ ಮೊದಲು, 1991ರಿಂದಲೇ, ಕೇಂದ್ರದ ಹಣದಿಂದ ಗುಲ್ಬರ್ಗದಲ್ಲಿ ಭೂದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ ನಡೆದಿತ್ತು. ಅದು ಸೋತದ್ದು ಯಂತ್ರ ಕೆಟ್ಟಿದ್ದರಿಂದ ಅಲ್ಲವೇ ಅಲ್ಲ. ಹಳೆಯ ದಾಖಲೆಯನ್ನು ಟೈಪು ಮಾಡಿ ಮುಗಿಸುವಷ್ಟರಲ್ಲಿ ಊರಿನಲ್ಲಿ ಕ್ರಯ, ವಿಭಾಗ, ಮರಣ ಎಲ್ಲ ನಡೆದು ದಾಖಲೆ ಹಳತಾಗುತ್ತಿತ್ತು. ಆಗಿಂದಾಗ್ಗೆ ತಿದ್ದುವ ಏರ್ಪಾಡು ಇರಲಿಲ್ಲ. ಜನ ಪಹಣಿಗಾಗಿ ಗ್ರಾಮ ಲೆಕ್ಕಿಗರ ಬಳಿಗೇ ಹೋಗುತ್ತಿದ್ದರು.

‘ಭೂಮಿ’ ಇದನ್ನು ಬೇರೆ ರೀತಿ ಹಿಡಿಯಿತು. ಸುಮಾರು 9000 ಗ್ರಾಮ ಲೆಕ್ಕಿಗರ ಬಳಿಯಿದ್ದ ಸುಮಾರು ಎರಡು ಕೋಟಿ ಪಹಣಿಗಳು ತಾಲ್ಲೂಕು ಕಚೇರಿಯ ಕಂಪ್ಯೂಟರಿಗೆ ಬಂದವು, ಒಂದು ಪಹಣಿಗೆ 15 ರೂಪಾಯಿ ಎಂದು ಗೊತ್ತಾಯಿತು, ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ತೆಗೆದುಕೊಳ್ಳಬೇಕೆಂದಾಯಿತು, ತಿದ್ದಿದ ನೌಕರನ ಬೆರಳಿನ ಗುರುತು ಕಂಪ್ಯೂಟರಿನಲ್ಲಿ ಉಳಿಯುವಂತಾಯಿತು. ಇವೆಲ್ಲಕ್ಕಿಂತ ನಿರ್ಣಾಯಕವಾದದ್ದು ಒಂದು ಆದೇಶ: ಯಾವ ತಾಲ್ಲೂಕಿನಲ್ಲಿ ಹೊಸ ವ್ಯವಸ್ಥೆ ಜಾರಿಯಾಯಿತೋ ಅಲ್ಲಿ ಕೈಬರಹದ ಪಹಣಿಗೆ ಇನ್ನು ಮಾನ್ಯತೆಯಿಲ್ಲ. ಹಳೆಯ ಬಾಗಿಲು ಮುಚ್ಚಿತು. ಎರಡೂ ಬಾಗಿಲು ತೆರೆದಿದ್ದರೆ ಜನ ಗುರುತಿದ್ದ ಬಾಗಿಲಿಗೇ ಹೋಗುತ್ತಾರೆ, ಹೊಸದು ದೂಳು ಹಿಡಿಯುತ್ತದೆ. ನಾನು ಈಗ ಯಾವ ಸುಧಾರಣೆಯ ಕರಡನ್ನು ಓದಿದರೂ ಹಳೆಯ ದಾರಿ ಯಾವ ದಿನಾಂಕಕ್ಕೆ ಮುಚ್ಚುತ್ತದೆ, ಮುಚ್ಚುವವರು ಯಾರು, ಮುಚ್ಚಿದಾಗ ಯಾರ ಆದಾಯ ನಿಲ್ಲುತ್ತದೆ ಎಂದು ಹುಡುಕುತ್ತೇನೆ. ಈ ಮೂರಕ್ಕೂ ಉತ್ತರವಿಲ್ಲದ ಕರಡು ಎಷ್ಟೇ ಸೊಗಸಾಗಿದ್ದರೂ ಭಾಷಣವಾಗಿಯೇ ಉಳಿಯುತ್ತದೆ.

ಅದೇ ‘ಭೂಮಿ’ಯ ಎಲ್ಲೆಯೂ ನಮ್ಮ ಮನೆಗೇ ಬಂದು ತಾಗಿತು. ಯಂತ್ರ ಇದ್ದ ದಾಖಲೆಯನ್ನು ಇದ್ದಂತೆಯೇ ತೆಗೆದುಕೊಂಡಿತು. ನಮ್ಮ ಒಂದೂವರೆ ಎಕರೆ ಅಪ್ಪ ತೀರಿಹೋಗಿ ವರ್ಷಗಳಾದ ಮೇಲೂ ತಾತನ ಹೆಸರಿನಲ್ಲೇ ಇತ್ತು. ಅದನ್ನು ವಾರಸುದಾರರ ಹೆಸರಿಗೆ ಬದಲಿಸುವ ಪೌತಿ ಖಾತೆ ಮಾಡಿಸಲು ಅಣ್ಣ ಮತ್ತು ನಾನು ಒಂದು ಕಚೇರಿಗೆ ಅಲೆದ ದಿನಗಳು ಇಂದಿಗೂ ಮನಸ್ಸಿನಲ್ಲಿವೆ. ಆ ಹೊತ್ತಿಗೆ ಸಕಾಲ ಕಾನೂನು ಬಂದಿತ್ತು. 2012ರಲ್ಲಿ 151 ಸೇವೆಗಳೊಂದಿಗೆ ರಾಜ್ಯದಾದ್ಯಂತ ಆರಂಭವಾದ ಸಕಾಲದಲ್ಲಿ ಪ್ರತಿ ಸೇವೆಗೂ ದಿನಗಳ ಗಡುವಿದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಪರಿಹಾರ ಸಿಗಬೇಕು, ಅದು ಹೊಣೆಗಾರ ನೌಕರನ ಸಂಬಳದಿಂದ ಬರಬೇಕು. ಇಷ್ಟು ಗಟ್ಟಿಯಾದ ಕಾನೂನಿದ್ದೂ ನಮಗೆ ಕಿಟಕಿಯ ಆಚೆಯಿಂದ ಬಂದ ಮಾತು, ‘ಕಾಗದ ಇಟ್ಟು ಹೋಗಿ, ನೋಡಿ ಆಮೇಲೆ ನಂಬರ್ ಹಾಕ್ತೀವಿ.’ ಸಕಾಲದ ಗಡಿಯಾರ ಓಡತೊಡಗುವುದು ಸ್ವೀಕೃತಿ ಸಂಖ್ಯೆ ಕೊಟ್ಟ ಮೇಲೆ. ಆ ಸಂಖ್ಯೆ ಕೊಡುವ ಗಳಿಗೆ, ಗಡುವಿಗೆ ಒಳಪಡಬೇಕಾದವನ ಕೈಯಲ್ಲೇ ಉಳಿದಿತ್ತು. ಮೂರು ಸಲ ಹೋಗಿ, ‘ಸಂಖ್ಯೆ ಕೊಡದೆ ಇಲ್ಲಿಂದ ಏಳುವುದಿಲ್ಲ’ ಎಂದು ಕುಳಿತ ಮೇಲೆ ನಮಗದು ಸಿಕ್ಕಿತು; ಸಿಕ್ಕ ಮೇಲೆ ಕೆಲಸ ಗಡುವಿನೊಳಗೇ ಆಯಿತು. ಕಾನೂನು ಸುಳ್ಳಾಗಿರಲಿಲ್ಲ ಎಂಬುದು ನನಗೆ ಸಮಾಧಾನ. ಆದರೆ ಮೇಷ್ಟರಾಗಿದ್ದ ನನ್ನಂತೆ ಹಟ ಹಿಡಿದು ಕೂರಲು ಎಷ್ಟು ಜನಕ್ಕೆ ಸಾಧ್ಯ? ದಿನಗೂಲಿ ಬಿಟ್ಟು ಬಂದವನು ಎರಡನೆಯ ದಿನವೇ ಬೇರೆ ದಾರಿ ಹಿಡಿಯುತ್ತಾನೆ, ಆ ದಾರಿ ಯಾವುದೆಂದು ಎಲ್ಲರಿಗೂ ಗೊತ್ತು. ನೂರು ಕಲಮುಗಳ ಕಾನೂನು ಎಲ್ಲಿ ನಿಲ್ಲುತ್ತದೆಂದು ತಿಳಿಯಬೇಕಾದರೆ ಆ ಕಿಟಕಿಯ ಮುಂದೆ ನಿಂತು ನೋಡಬೇಕು.

ಈ ಎಲ್ಲವನ್ನೂ ಮನಸ್ಸಿನಲ್ಲಿಟ್ಟುಕೊಂಡು ನಾನು ಹುಡುಗನ ಬರಹವನ್ನು ಮತ್ತೆ ಮೊದಲಿನಿಂದ ಓದಿದೆ. ಓದುವಾಗ ಹಬ್ಬದ ದಿನ ಅಣ್ಣ ಆಡಿದ್ದ ಮಾತು ನೆನಪಾಯಿತು. ಮಗ ಊಟದ ಹೊತ್ತಿನಲ್ಲಿ ತನ್ನ ಯೋಜನೆಯನ್ನು ವಿವರಿಸಿದಾಗ ಅಣ್ಣ ಕೈ ತೊಳೆಯುತ್ತ, ‘ನೀರು ಯಾವತ್ತು ಬತ್ತದೆ, ಯಾವತ್ತು ನಿಲ್ತದೆ ಅಂತ ಮೊದ್ಲು ಹೇಳ್ಲಾ ಮಗ, ಏನ್ ಬೆಳೀಬೇಕು ಅಂತ ಆಮೇಲೆ ನಾನ್ ಹೇಳ್ತೀನಿ’ ಎಂದಿದ್ದ. ಹುಡುಗ ಅದನ್ನು ಹಳೆಯ ಕಾಲದವರ ಹಿಂಜರಿಕೆ ಎಂದುಕೊಂಡ, ನಾನೂ ಹಾಗೆಯೇ ಎಂದುಕೊಂಡಿದ್ದೆ. ಈಗ ನೋಡಿದರೆ ನಲವತ್ತು ಪುಟಗಳ ವಿಮರ್ಶೆ ಆ ಒಂದು ಮಾತಿನಲ್ಲಿತ್ತು.

ಕಬ್ಬನ್ನು ನಮ್ಮವರು ದುರಾಸೆಯಿಂದ ಹಾಕುತ್ತಾರೆಂದು ಊರಾಚೆಯವರು ತಿಳಿಯುತ್ತಾರೆ. ಕೊನೆ ಭಾಗದ ರೈತನಿಗೆ ಕಬ್ಬು ಒಂದು ವಿಮೆ. ನಾಲೆಯಲ್ಲಿ ಕೆಲವು ದಿನ ಹರಿಸಿ ಕೆಲವು ದಿನ ನಿಲ್ಲಿಸುವ ಕಟ್ಟು ಪದ್ಧತಿಯಿದೆ; ಸರದಿ ತಪ್ಪಿ ಹತ್ತು ದಿನ ತಡವಾದರೂ ಬೇರೂರಿದ ಕಬ್ಬು ಸೊರಗುತ್ತದೆ, ಆದರೆ ಸಾಯುವುದಿಲ್ಲ. ಹೂ ಬಿಡುವ ಹೊತ್ತಿಗೆ ನೀರು ತಪ್ಪಿದ ಕಾಳಿನ ಬೆಳೆ ಹಾಗಲ್ಲ, ಆ ವರ್ಷದ ಮಟ್ಟಿಗೆ ಅದು ಮುಗಿದಂತೆಯೇ. ಕಡಿಮೆ ನೀರಿನ ಬೆಳೆಗೆ ನೀರು ಕಡಿಮೆ ಸಾಕು ಎಂಬುದು ನಿಜ, ಆದರೆ ಆ ಸ್ವಲ್ಪ ನೀರು ಹೇಳಿದ ದಿನಕ್ಕೇ ಬರಬೇಕು. ಆ ದಿನವನ್ನು ಗೊತ್ತು ಮಾಡುವುದು ನೀರಾವರಿ ಸಲಹಾ ಸಮಿತಿ; ಸಮಿತಿ ನೋಡುವುದು ಕಟ್ಟೆಯ ಮಟ್ಟವನ್ನು; 124.80 ಅಡಿ ತುಂಬಿದ ವರ್ಷ ಒಂದು ರೀತಿ, 2023ರಂತೆ ಮಳೆ ಕೈಕೊಟ್ಟ ವರ್ಷ ಇನ್ನೊಂದು ರೀತಿ. ಸುಪ್ರೀಂ ಕೋರ್ಟಿನ 2018ರ ತೀರ್ಪು ಕಾವೇರಿಯ ನೀರಿನಲ್ಲಿ ಕರ್ನಾಟಕಕ್ಕೆ 284.75 ಟಿಎಂಸಿ ಎಂದು ಗೊತ್ತು ಮಾಡಿದೆ, ಬರಗಾಲದಲ್ಲಿ ತಮಿಳುನಾಡಿಗೆ ಎಷ್ಟು ಬಿಡಬೇಕೆಂಬುದು ಪ್ರತಿ ಸಲವೂ ಜಗಳವೇ. ಯೋಜನೆ ನಂಬಿಕೊಂಡಿರುವ ಮೂಲ ಸಂಗತಿಯೇ ಯೋಜನೆ ಮಾಡುವವರ ಕೈಯಲ್ಲಿಲ್ಲ. 2023ರಲ್ಲೇ ಅಕ್ಕಿಯ ವಿಷಯದಲ್ಲಿ ಇದನ್ನು ನಾವು ಕಂಡೆವು: ರಾಜ್ಯ ಹೆಚ್ಚುವರಿ ಐದು ಕಿಲೋ ಅಕ್ಕಿ ಕೊಡಲು ಹೊರಟಾಗ ಕೇಂದ್ರ ತನ್ನ ದಾಸ್ತಾನಿನಿಂದ ರಾಜ್ಯಗಳಿಗೆ ಮಾರುವುದನ್ನು ನಿಲ್ಲಿಸಿತು, ಅಕ್ಕಿಯ ಬದಲು ಕಿಲೋಗೆ 34 ರೂಪಾಯಿಯಂತೆ ಹಣವನ್ನು ಖಾತೆಗೆ ಹಾಕಬೇಕಾಯಿತು. ಅಲ್ಲಿ ಹಣವೆಂಬ ಬದಲಿ ದಾರಿಯಿತ್ತು. ನೀರಿಗೆ ಅಂಥ ಬದಲಿ ಇಲ್ಲ.

ಇನ್ನೊಂದು ಸಂಗತಿ ಗದ್ದೆಯ ಬದುವಿನಲ್ಲೇ ಇದೆ, ಅದು ಕಾಗದದಲ್ಲಿ ಕಾಣುವುದಿಲ್ಲ. ನಮ್ಮಲ್ಲಿ ನೀರು ಬಹುಮಟ್ಟಿಗೆ ಗದ್ದೆಯಿಂದ ಗದ್ದೆಗೆ ಹಾಯುತ್ತದೆ. ಪ್ರತಿ ಹಿಡುವಳಿಗೂ ಬೇರೆ ಹೊಲಗಾಲುವೆ ಇಲ್ಲ, ಇದ್ದ ಕಡೆಯೂ ಅನೇಕವು ಮುಚ್ಚಿಹೋಗಿವೆ. ಮೇಲಿನವನು ಭತ್ತ ನಾಟಿ ಮಾಡಿ ನೀರು ನಿಲ್ಲಿಸಿದರೆ ಕೆಳಗಿನವನ ನೆಲ ತಾನಾಗಿಯೇ ಜೌಗಾಗುತ್ತದೆ. ಆ ಜೌಗಿನಲ್ಲಿ ಅವನು ಉದ್ದನ್ನೋ ಹುಚ್ಚೆಳ್ಳನ್ನೋ ಬಿತ್ತಿದರೆ ಬೇರು ಕೊಳೆಯುತ್ತದೆ. ಅಂದರೆ ಇಲ್ಲಿ ಬೆಳೆಯನ್ನು ಆರಿಸುವ ಸ್ವಾತಂತ್ರ್ಯ ಒಬ್ಬೊಬ್ಬ ರೈತನಿಗೆ ಇಲ್ಲವೇ ಇಲ್ಲ. ಒಬ್ಬೊಬ್ಬನ ಖಾತೆಗೆ ಹಣ ಹಾಕಿ ಬೆಳೆ ಬದಲಿಸುತ್ತೇವೆ ಎನ್ನುವುದು ಈ ನೆಲದ ಇಳಿಜಾರನ್ನು ನೋಡದೆ ಹೇಳುವ ಮಾತು.

ವಿಶ್ವೇಶ್ವರಯ್ಯನವರಿಗೆ ಇದು ಗೊತ್ತಿತ್ತೆಂಬುದು ನನ್ನನ್ನು ಬೆರಗುಗೊಳಿಸಿತು. ಮುಂಬಯಿ ಪ್ರಾಂತ್ಯದಲ್ಲಿದ್ದಾಗ ನೀರಾ ನಾಲೆಗೆಂದು ಅವರು ರೂಪಿಸಿದ ಬ್ಲಾಕ್ ಪದ್ಧತಿಯಲ್ಲಿ ನೆಲವನ್ನು ತುಂಡುಗಳಾಗಿ ಗುರುತಿಸಿ, ಒಂದು ಭಾಗಕ್ಕೆ ಭತ್ತ, ಒಂದು ಭಾಗಕ್ಕೆ ಕಬ್ಬು, ಒಂದು ಭಾಗಕ್ಕೆ ಕಡಿಮೆ ನೀರಿನ ಬೆಳೆ ಎಂದು ಮೂರು ವರ್ಷದ ಸರದಿ ಮಾಡಲಾಗಿತ್ತು. ಕನ್ನಂಬಾಡಿಯ ನಾಲೆಗೂ ಇದೇ ಬಗೆಯ ಸರದಿಯನ್ನು ಯೋಚಿಸಲಾಗಿತ್ತು. ಹುಡುಗ ಕೇಳುತ್ತಿರುವುದು ಹೊಸ ಕನಸೇನಲ್ಲ, ನಾಲೆಯಷ್ಟೇ ಹಳೆಯದು. ಆದರೆ ಸರದಿಯ ಘಟಕ ಅಂದು ಒಂದು ಬಯಲಾಗಿತ್ತು, ಒಂದು ತೂಬಿನ ಕೆಳಗಿನ ನೆಲವೆಲ್ಲ ಒಟ್ಟಾಗಿ ಬದಲಾಗಬೇಕಿತ್ತು. ಆ ಶಿಸ್ತು ಕ್ರಮೇಣ ಸಡಿಲಿತು. ಸಡಿಲುವುದಕ್ಕೆ ಬಲವಾದ ಕಾರಣವೂ ಇತ್ತು. ಕೃಷಿ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಶ್ರಮದಿಂದ 1933ರಲ್ಲಿ ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಬಂತು. ನೀರಿನ ಬೆನ್ನಿಗೇ ಕೊಳ್ಳುವವನೂ ಬಂದ. ಕಬ್ಬಿಗೆ ಅರೆಯುವ ಗಾಣ, ತೂಗುವ ಯಂತ್ರ, ಸರ್ಕಾರ ನಿಗದಿ ಮಾಡಿದ ದರ ಎಲ್ಲ ಇತ್ತು. ಹುರುಳಿಗೆ, ಉದ್ದಿಗೆ ಇದ್ದದ್ದು ವಾರದ ಸಂತೆ.

ಹಾಗಾದರೆ ನಾನು ಬರೆದ ‘ಆಗದ ಮಾತು’ ಸರಿಯಾಗಿತ್ತೇ? ಬೆಳೆ ಬದಲಾವಣೆ ಆಗದು ಎಂಬ ಅರ್ಥದಲ್ಲಿ ಅದು ತಪ್ಪಾಗಿತ್ತು. ಕಬ್ಬಿಗೆ ನೀರು, ಕೊಳ್ಳುವವನು, ದರ ಮೂರೂ ಒಟ್ಟಿಗೆ ಬಂದಾಗ ಕೆಲವೇ ವರ್ಷಗಳಲ್ಲಿ ರಾಗಿಯ ಸೀಮೆ ಕಬ್ಬಿನ ಸೀಮೆಯಾಯಿತು. ಅದೇ ಮೂರು ಬೇಳೆಕಾಳಿಗೂ ಒಟ್ಟಿಗೆ ಬಂದರೆ ನಮ್ಮವರು ಅಷ್ಟೇ ಬೇಗ ತಿರುಗುತ್ತಾರೆಂದು ನಾನು ನಂಬುತ್ತೇನೆ. ಜನ ಬದಲಾವಣೆಗೆ ಒಗ್ಗುವುದಿಲ್ಲ ಎನ್ನುವ ಮಾತನ್ನು ಮಂಡ್ಯದ ಚರಿತ್ರೆಯೇ ಸುಳ್ಳು ಮಾಡುತ್ತದೆ. ಹುಡುಗನ ಯೋಜನೆಯ ತೊಡಕು ಬೇರೆ ಕಡೆ ಇತ್ತು. ಅದರಲ್ಲಿ ಕಾರ್ಯದರ್ಶಿಗಳಿದ್ದರು, ಮಂಡಳಿಗಳಿದ್ದವು, ಆ್ಯಪ್ ಇತ್ತು, ನೀರುಗಂಟಿ ಇರಲಿಲ್ಲ. ನಾಲೆಯ ಏರಿಯ ಮೇಲೆ ನಡೆಯುತ್ತ ತೂಬು ಎತ್ತುವವನು, ಇಳಿಸುವವನು ಅವನು. ಮೇಲಿನ ಊರಿನ ಬಲಾಢ್ಯರು ರಾತ್ರಿ ಬಂದು ತೂಬು ಒಡೆದರೆ ಎದುರು ನಿಲ್ಲಬೇಕಾದವನೂ ಅವನೇ. ನೀರನ್ನು ಅಳೆದು ಕೊಡುತ್ತೇವೆಂದರೆ ಅಳೆಯಬೇಕಾದವನು ಅವನು. ಅವನಿಗೆ ಏನು ಸಂಬಳ, ಅವನನ್ನು ಯಾರು ನೇಮಿಸುತ್ತಾರೆ, ಜಗಳವಾದಾಗ ಅವನ ಹಿಂದೆ ಯಾರು ನಿಲ್ಲುತ್ತಾರೆ ಎಂಬುದರ ಬಗ್ಗೆ ನಲವತ್ತು ಪುಟಗಳಲ್ಲಿ ಒಂದು ಸಾಲೂ ಇರಲಿಲ್ಲ.

ಕಾಲದ ಪ್ರಶ್ನೆಯೂ ಇದೆ. ಹತ್ತು ವರ್ಷದ ಯೋಜನೆ ಎಂದರೆ ಎರಡು ಮೂರು ಸರ್ಕಾರಗಳು, ಐದಾರು ಜಿಲ್ಲಾಧಿಕಾರಿಗಳು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರ ಪಂಚಾಯತ್ ಸುಧಾರಣೆಯನ್ನು ನಾನು ವರ್ಷಗಟ್ಟಲೆ ಪ್ರೀತಿಯಿಂದ ಪಾಠ ಮಾಡಿದ್ದೇನೆ. 1983ರ ಕಾನೂನು, 1987ರ ಚುನಾವಣೆ, ಮಹಿಳೆಯರಿಗೆ ಶೇಕಡ 25 ಮೀಸಲು, ಜಿಲ್ಲಾ ಪರಿಷತ್ತಿಗೆ ನಿಜವಾದ ಅಧಿಕಾರ: ದೇಶವೇ ತಿರುಗಿ ನೋಡಿದ ಕೆಲಸ ಅದು. ಆದರೆ ಆ ಪರಿಷತ್ತುಗಳ ಮೊದಲ ಅವಧಿ 1992ರಲ್ಲಿ ಮುಗಿದಾಗ ಸಕಾಲಕ್ಕೆ ಚುನಾವಣೆ ನಡೆಯಲಿಲ್ಲ, ಆಡಳಿತಾಧಿಕಾರಿಗಳು ಬಂದು ಕುಳಿತರು. ಮುಂದೆ ಸಂವಿಧಾನದ 73ನೆಯ ತಿದ್ದುಪಡಿಯೇ ಐದು ವರ್ಷಕ್ಕೊಮ್ಮೆ ಚುನಾವಣೆಯನ್ನು ಕಡ್ಡಾಯ ಮಾಡಿತು. ಆದರೂ 2021ರಲ್ಲಿ ಅವಧಿ ಮುಗಿದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಸಂವಿಧಾನದಲ್ಲಿ ಬರೆದದ್ದಕ್ಕೇ ಹೀಗಾದರೆ, ಒಂದು ಆದೇಶದ ಮೇಲೆ ನಿಂತ ಬೆಳೆ ಯೋಜನೆಯನ್ನು ಆರನೆಯ ವರ್ಷದಲ್ಲಿ ಯಾರು ಕಾಯುತ್ತಾರೆ? ಅದರಿಂದ ಲಾಭ ಪಡೆದವರು ಒಟ್ಟಾಗಿ ದನಿಯೆತ್ತುವಷ್ಟು ಬೆಳೆದಿದ್ದರೆ ಮಾತ್ರ ಅದು ಉಳಿಯುತ್ತದೆ. ಆದ್ದರಿಂದ ಆ ಲಾಭ ಮೊದಲ ಎರಡು ವರ್ಷಗಳಲ್ಲೇ ಕಣ್ಣಿಗೆ ಕಾಣಬೇಕು, ಅದೂ ನೀರನ್ನು ಬಿಟ್ಟುಕೊಟ್ಟವರಿಗೆ ಕಾಣಬೇಕು.

ಇದನ್ನೆಲ್ಲ ಉದ್ದದ ಪತ್ರವಾಗಿ ಬರೆದು ಹುಡುಗನಿಗೆ ಕಳಿಸಿದೆ. ಗುರಿಯನ್ನು ಚಿಕ್ಕದು ಮಾಡಿಕೊ ಎಂದು ನಾನು ಬರೆಯಲಿಲ್ಲ. ಅರ್ಧ ಅಚ್ಚುಕಟ್ಟು ಎಂಬ ಗುರಿ ಹಾಗೆಯೇ ಇರಲಿ, ಅಡಿಪಾಯವನ್ನು ಅದಕ್ಕೆ ತಕ್ಕಷ್ಟು ಅಗಲವಾಗಿಯೇ ಹಾಕು, ಆದರೆ ಮೊದಲ ಕಲ್ಲನ್ನು ಒಂದು ಉಪನಾಲೆಯ ಒಂದು ತೂಬಿನ ಕೆಳಗೆ ಇಡು ಎಂದು ಬರೆದೆ. ಅವನು ನೊಂದುಕೊಳ್ಳುತ್ತಾನೆಂದು ಅಂಜಿದ್ದೆ. ಎರಡು ವಾರ ಸುದ್ದಿಯಿರಲಿಲ್ಲ. ಆಮೇಲೆ ಅಣ್ಣ ಫೋನು ಮಾಡಿ, ‘ಮಗ ಬಂದವ್ನೆ ಕಣವ್ವ, ಬೆಳಗಾದ್ರೆ ನೀರುಗಂಟಿ ಜೊತೆ ಏರಿ ಮೇಲೆ ಹೋಯ್ತಾನೆ’ ಎಂದ.

ಹೊಸ ಕರಡು ಮೊನ್ನೆ ಬಂದಿದೆ, ಹನ್ನೊಂದು ಪುಟ. ಅದರಲ್ಲಿ ಒಂದು ಉಪನಾಲೆಯ ತೂಬುಗಳ ಪಟ್ಟಿಯಿದೆ. ಯಾವ ತೂಬಿನ ಬಾಗಿಲು ಮುರಿದಿದೆ, ಯಾವುದಕ್ಕೆ ಬೀಗವಿಲ್ಲ, ಪ್ರತಿಯೊಂದರ ಕೆಳಗೆ ಎಷ್ಟು ಹಿಡುವಳಿ, ಎಷ್ಟು ಪಹಣಿಗಳು ಇನ್ನೂ ತೀರಿಹೋದವರ ಹೆಸರಿನಲ್ಲಿವೆ ಎಂದು ಬರೆದಿದ್ದಾನೆ. ಖಾತೆ ಸತ್ತವರ ಹೆಸರಿನಲ್ಲಿದ್ದರೆ ಹಣ ಯಾರ ಖಾತೆಗೆ ಹೋಗುತ್ತದೆಂಬ ಪ್ರಶ್ನೆಯನ್ನು ಅವನೇ ಎತ್ತಿಕೊಂಡಿದ್ದಾನೆ, ನನ್ನ ಪತ್ರದಲ್ಲಿ ಅದು ಇರಲಿಲ್ಲ. ಮೊದಲ ಪುಟದಲ್ಲಿ ಊರವರಿಗೆ ಓದಿ ಹೇಳಬೇಕಾದ ಒಂದು ತಿಳುವಳಿಕೆ ಪತ್ರವಿದೆ. ನೀರು ಬಿಡುವ ದಿನಾಂಕ ಎಂಬುದರ ಮುಂದೆ ಜಾಗವನ್ನು ಖಾಲಿ ಬಿಟ್ಟು, ‘ಅತ್ತೆ, ಇದನ್ನು ತುಂಬಲು ಯಾರಿಂದ ಒಪ್ಪಿಗೆ ಪಡೆಯಬೇಕೆಂದು ಹುಡುಕುತ್ತಿದ್ದೇನೆ, ಅದು ಸಿಗುವ ತನಕ ಅಪ್ಪನಿಗೆ ತೋರಿಸುವುದಿಲ್ಲ’ ಎಂದು ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದಿದ್ದಾನೆ.